ಜೀಪಿನ ಮೂಗು

ನನ್ನ ದೊಡ್ಡಪ್ಪನ ಬಗ್ಗೆ ಯಾರು ಮಾತು ತೆಗೆದರೂ ಮೊದಲು ಅವರ ಮೂಗಿನಿಂದಲೇ ಶುರು ಮಾಡುತ್ತಾರೆ. ನಾನೂ ಬೇರೆ ದಾರಿ ಹುಡುಕಲು ಹೋಗುವುದಿಲ್ಲ. ನೋಡಲು ಅದು ಅಂಥ ಮೂಗೇನಲ್ಲ. ದಪ್ಪ, ತುದಿ ಸ್ವಲ್ಪ ಎಡಕ್ಕೆ ವಾಲಿದೆ. ಆದರೆ ಗುಡ್ಡದ ಮೇಲಿನ ಗೋಪುರಕ್ಕೆ ಕೆಲಸಕ್ಕೆ ಹೋಗುವ ನಾವೆಲ್ಲ ವರ್ಷಗಟ್ಟಲೆ ಜೀಪು ಹತ್ತಿ, ತೂಕಡಿಸಿಕೊಂಡೇ ಇಳಿದು ಬಂದದ್ದು ಆ ಮೂಗನ್ನು ನಂಬಿ.

ಗೋಪುರವೆಂದರೆ ಸುತ್ತಲಿನ ಊರುಗಳಿಗೆ ಟೀವಿ, ಫೋನುಗಳ ಸಿಗ್ನಲ್ ಕಳಿಸುವ ಕಬ್ಬಿಣದ ಕಂಬ. ಅದರ ಬುಡದಲ್ಲಿ ಯಂತ್ರದ ಕೋಣೆ, ಬ್ಯಾಟರಿ ಕೋಣೆ, ಪಾಳಿಯವರು ಮಲಗಲು ಕಬ್ಬಿಣದ ಮಂಚಗಳ ಒಂದು ಸಾಲು. ನಾನು ಅಲ್ಲಿ ಮೀಟರು ನೋಡುವವಳು. ದೊಡ್ಡಪ್ಪ ನಮ್ಮನ್ನು ಹತ್ತಿಸಿ ಇಳಿಸುವ ಆಫೀಸು ಜೀಪಿನ ಡ್ರೈವರು. ಮೇಲಕ್ಕೆ ರಸ್ತೆ ಅನ್ನುವುದೇ ಇಲ್ಲ. ಗೋಪುರ ಕಟ್ಟುವಾಗ ಸಾಮಾನು ಸಾಗಿಸಲು ಗುಡ್ಡ ಕೆರೆದು ಮಾಡಿದ ದಾರಿಯನ್ನು ನೀರು ಕೊಚ್ಚಿಕೊಂಡು ಹೋಗಿ, ಈಗ ಉಳಿದಿರುವುದು ಬಂಡೆ, ಜಲ್ಲಿ, ಒಂದು ಪಕ್ಕದಲ್ಲಿ ಆಳ. ಎರಡು ಕಡೆ ಹಳ್ಳದ ನೀರಿನೊಳಗೇ ಗಾಡಿ ಇಳಿಸಿ ದಾಟಬೇಕು.

ದೊಡ್ಡಪ್ಪ ಡ್ರೈವರಾದದ್ದು ಕ್ವಾರಿಯ ಕಲ್ಲು ಲಾರಿಯಲ್ಲಿ. ಮದುವೆಯಾಗಿ ದೊಡ್ಡಮ್ಮನನ್ನು ಮನೆಗೆ ಕರೆತಂದದ್ದೂ ಕಲ್ಲು ತುಂಬಿದ ಲಾರಿಯಲ್ಲೇ ಅಂತೆ. ಆಮೇಲೆ ಈ ಜೀಪು ಸಿಕ್ಕಿತು, ಇನ್ನೊಂದು ಗಾಡಿಯ ಕಡೆ ಅವರು ಕಣ್ಣೆತ್ತಿ ನೋಡಲಿಲ್ಲ. ಮನೆಯಲ್ಲಿ ಕುರ್ಚಿಯ ಕಾಲು ಮುರಿದು ವರ್ಷವಾದರೂ ರಿಪೇರಿಯಾಗುವುದಿಲ್ಲ. ಜೀಪಿನಲ್ಲಿ ಒಂದು ಬೋಲ್ಟು ಕಿರಗುಟ್ಟಿದರೆ ಆ ದಿನ ಊಟ ಸೇರುವುದಿಲ್ಲ. “ನಾನೂ ನಾಲ್ಕು ಚಕ್ರ ಹಾಕಿಸ್ಕೊಂಡು ಬರಬೇಕಿತ್ತು” ಎಂದು ದೊಡ್ಡಮ್ಮ ಆಗಾಗ ಗೊಣಗುತ್ತಿದ್ದಳು.

ಹತ್ತುವುದು ಎಂಜಿನ್ನಿನ ಕಷ್ಟ, ಇಳಿಯುವುದು ಬ್ರೇಕಿನ ಕಷ್ಟ ಎನ್ನುವುದು ದೊಡ್ಡಪ್ಪನ ಮಾತು. ಇಳಿಯುವಾಗ ಸಣ್ಣ ಗೇರಿಗೆ ಹಾಕಿ ಎಂಜಿನ್ನಿನಿಂದಲೇ ಗಾಡಿಯನ್ನು ತಡೆಯುತ್ತಿದ್ದರು. ಬ್ರೇಕನ್ನು ಒತ್ತಿಹಿಡಿಯದೆ, ಒತ್ತಿ ಬಿಟ್ಟು, ಒತ್ತಿ ಬಿಟ್ಟು ಬರುತ್ತಿದ್ದರು. ಆದರೂ ಕೆಲವು ಕಡೆ ಇಳಿಜಾರು ಎಷ್ಟು ಕಡಿದೆಂದರೆ ಬ್ರೇಕು ಕಾದು ಬಿಸಿಯಾಗದೆ ಗತಿಯಿಲ್ಲ. ಹಳ್ಳದಲ್ಲಿ ಜಲ್ಲಿ ಒಳಹೊಕ್ಕರಂತೂ ಒಂದು ಚಕ್ರ ತನ್ನಷ್ಟಕ್ಕೆ ಉಜ್ಜಿಕೊಂಡು ಕಾಯುತ್ತದೆ. ಪೆಡಲಿನ ಮೇಲಿರುವ ಕಾಲಿಗೆ ಅದು ತಿಳಿಯುವುದೂ ಇಲ್ಲ.

“ಬ್ರೇಕು ಮೊದಲು ಮೂಗಿಗೆ ಹೇಳುತ್ತೆ, ಆಮೇಲೆ ಕಣ್ಣಿಗೆ, ಕೊನೆಗೆ ಕಾಲಿಗೆ,” ಎನ್ನುತ್ತಿದ್ದರು. “ಕಾಲಿಗೆ ಹೇಳೋವರೆಗೂ ಕಾದ್ರೆ, ಮುಂದೆ ಹೇಳ್ಕೊಳ್ಳೋಕೆ ನಾವೇ ಇರಲ್ಲ.”

ಮೂಗಿಗೆ ಹೇಳುವುದೆಂದರೆ ಸುಟ್ಟ ಕೂದಲು, ಸೀದ ಬಟ್ಟೆ ಎರಡೂ ಸೇರಿದಂಥ ಒಂದು ವಾಸನೆ. ನಮಗೆ ಅದರ ಸುಳಿವು ಸಿಗುವ ಮೊದಲೇ ದೊಡ್ಡಪ್ಪ ಸಮತಟ್ಟು ಜಾಗ ನೋಡಿ ಗಾಡಿ ನಿಲ್ಲಿಸಿರುತ್ತಿದ್ದರು. ಹ್ಯಾಂಡ್‌ಬ್ರೇಕ್ ಎಳೆಯುತ್ತಿರಲಿಲ್ಲ. ಕಾದ ಬ್ರೇಕು ಹಾಗೇ ಕಚ್ಚಿಕೊಂಡುಬಿಡುತ್ತದೆ ಎಂದು ಚಕ್ರಗಳಿಗೆ ಅಡ್ಡವಾಗಿ ಕಲ್ಲು ಕೊಡುತ್ತಿದ್ದರು. ಎಲ್ಲರೂ ಇಳಿಯಬೇಕು, ಚಕ್ರದ ಹತ್ತಿರ ಸುಳಿಯಬಾರದು, ಹೊತ್ತಾಯಿತು ಅನ್ನಬಾರದು. ತಣ್ಣಗಾಗುವಾಗ ಅದು ತಣ್ಣಗಾಗುತ್ತದೆ.

ಹಿಂದೊಮ್ಮೆ ನಮ್ಮ ಬ್ಯಾಟರಿಯವನು, ಅಂದರೆ ಬ್ಯಾಟರಿ ಕೋಣೆ ನೋಡಿಕೊಳ್ಳುವವನು, ಉಪಕಾರ ಮಾಡುವ ಹುರುಪಿನಲ್ಲಿ ಒಂದು ಕೊಡ ನೀರನ್ನು ಕಾದ ಚಕ್ರದ ಮೇಲೆ ಸುರಿದ. ಒಳಗಿನ ಬ್ರೇಕಿನ ಕಬ್ಬಿಣದ ಡ್ರಮ್ಮು ಟಣ್ ಎಂದು ಬಿರುಕು ಬಿಟ್ಟಿತು. ಅಂದು ನಾವೆಲ್ಲ ನಡೆದೇ ಇಳಿದೆವು. ದೊಡ್ಡಪ್ಪ ಬೈಯಲಿಲ್ಲ. ಮುಂದಿನ ಬೇಸಿಗೆಯವರೆಗೆ ಅವನ ಜೊತೆ ಮಾತಾಡಲಿಲ್ಲ, ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು ಎಂದು ಅವನು ಇಂದಿಗೂ ಹೇಳುತ್ತಾನೆ.

ಇಂಥ ಮೂಗು ಒಂದು ಜ್ವರಕ್ಕೆ ಹೋಯಿತು. ಜ್ವರ ಬಂತು, ನೆಗಡಿ ಬಂತು, ಎರಡೂ ಹೋದವು. ಹೋಗುವಾಗ ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋದವು. ದೊಡ್ಡಪ್ಪ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಆಫೀಸಿನ ಡಾಕ್ಟರು ವರ್ಷಕ್ಕೊಮ್ಮೆ ಡ್ರೈವರುಗಳ ಕಣ್ಣು ನೋಡುತ್ತಾರೆ, ಕಿವಿ ನೋಡುತ್ತಾರೆ. ಮೂಗನ್ನು ಕೇಳುವವರು ಯಾರು?

ಮೊದಲು ಪತ್ತೆ ಹಚ್ಚಿದವಳು ದೊಡ್ಡಮ್ಮ. ಅವರದೂ ನಮ್ಮದೂ ಅಕ್ಕಪಕ್ಕದ ಮನೆ, ನಡುವೆ ಒಂದೇ ಗೋಡೆ. ಒಂದು ಬೆಳಿಗ್ಗೆ ಸೀದ ವಾಸನೆ ನಮ್ಮ ಮನೆಗೇ ಬಂತು, ನಾನು ಓಡಿದೆ. ದೊಡ್ಡಮ್ಮ ಹಿತ್ತಲಿನಿಂದ ಓಡಿ ಬಂದಳು. ಒಲೆಯ ಮೇಲೆ ಹಾಲು ಉಕ್ಕಿ, ಬತ್ತಿ, ಪಾತ್ರೆ ಕಪ್ಪಾಗಿತ್ತು. ಒಲೆಗೆ ಬೆನ್ನು ಹಾಕಿ, ಕೈಗೆಟುಕುವಷ್ಟು ಹತ್ತಿರದಲ್ಲೇ ಕೂತು ದೊಡ್ಡಪ್ಪ ಪೇಪರ್ ಓದುತ್ತಿದ್ದರು.

“ಅಲ್ರೀ, ಮನೆ ಹತ್ತಿ ಉರಿದ್ರೂ ಪೇಪರ್ ಮುಗಿಸೇ ಏಳೋದಾ ನೀವು?” ಎಂದು ಶುರು ಮಾಡಿದ ದೊಡ್ಡಮ್ಮ ಅರ್ಧಕ್ಕೇ ನಿಲ್ಲಿಸಿದಳು. ಬೈಗುಳವನ್ನು ಅರ್ಧಕ್ಕೆ ನಿಲ್ಲಿಸುವುದು ಅವಳ ಜಾಯಮಾನವಲ್ಲ. ಅವರ ಮುಖವನ್ನೇ ನೋಡುತ್ತ ನಿಂತಳು. ದೊಡ್ಡಪ್ಪ ಪೇಪರನ್ನು ಮಡಚಿ, ಮತ್ತೆ ಬಿಚ್ಚಿ, ಓದಿದ ಪುಟವನ್ನೇ ಓದತೊಡಗಿದರು.

ಮಾರನೇ ದಿನ ಅವಳು ಅವರ ಟವೆಲಿನ ಮೂಲೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಇಟ್ಟಳು. ದೊಡ್ಡಪ್ಪ ಮುಖ ತೊಳೆದು ಅದರಲ್ಲೇ ಒರೆಸಿಕೊಂಡು, ಮೀಸೆ ತೀಡಿಕೊಂಡು ಹೊರಟರು. ದೊಡ್ಡಮ್ಮ ನಮ್ಮ ಮನೆಗೆ ಬಂದು ಹೊಸ್ತಿಲ ಹತ್ತಿರ ಕುಕ್ಕರಿಸಿದಳು.

“ನಿಮ್ಮ ದೊಡ್ಡಪ್ಪನ ಮೂಗು ಹೋಗಿದೆ ಕಣೇ.”

“ಈಗ ತಾನೇ ನೋಡಿದೆ, ಮುಖದ ಮೇಲೇ ಇತ್ತಲ್ಲ ದೊಡ್ಡಮ್ಮ.”

“ತಮಾಷೆ ಮಾಡ್ಬೇಡ. ಜೀಪಿನ ಕೆಲಸ ಕೈತಪ್ಪಿದ್ರೆ ಆ ಮನುಷ್ಯ ಉಳಿಯಲ್ಲ. ಬ್ರೇಕು ಕೈಕೊಟ್ರೆ ನೀವ್ಯಾರೂ ಉಳಿಯಲ್ಲ.”

ವಿಷಯ ಇಷ್ಟೇ. ಇದಕ್ಕಿಂತ ಚೊಕ್ಕವಾಗಿ ಹೇಳಲು ನನಗೂ ಬಾರದು. ಅಲ್ಲಲ್ಲಿ ನಿಲ್ಲಿಸಿ, ಇಳಿದು, ಚಕ್ರದ ಹತ್ತಿರ ಕೈ ಹಿಡಿದು ನೋಡಿದರಾಯಿತಲ್ಲ ಎಂದೆ.

“ಇಷ್ಟು ವರ್ಷ ಮೂಗಲ್ಲೇ ತಿಳ್ಕೊಂಡೋರು ಇವತ್ತು ಇಳಿದಿಳಿದು ನೋಡೋಕೆ ಶುರು ಮಾಡಿದ್ರೆ, ಮೂಗಿಗೇನಾಯ್ತು ಅಂತ ನಾಲ್ಕು ಜನ ಕೇಳಲ್ವಾ?”

ಕೇಳುತ್ತಾರೆ. ಬ್ಯಾಟರಿಯವನು ಎಲ್ಲರಿಗಿಂತ ಮೊದಲು ಕೇಳುತ್ತಾನೆ. ಅದೇ ವಾರ ಇಳಿಯುವಾಗ ಮುಂದಿನ ಸೀಟಿನಲ್ಲಿ ಕೂತಿದ್ದ ಅವನು, “ಏನೋ ಸೀಯ್ತಿದೆಯಲ್ಲ ಡ್ರೈವರಣ್ಣ,” ಎಂದ. ದೊಡ್ಡಪ್ಪ ನಿಲ್ಲಿಸಿದರು. ಹಿಂದಿನ ಎಡ ಚಕ್ರದಿಂದ ಹೊಗೆ ಏಳುತ್ತಿತ್ತು. “ನಂಗೂ ಬಂತು, ಜಾಗ ನೋಡ್ತಿದ್ದೆ,” ಎಂದರು. ಒಳ್ಳೆಯ ಸಮತಟ್ಟು ಜಾಗ ಆಗಲೇ ಹಿಂದೆ ಬಿದ್ದಿತ್ತು. ನಾವು ನಿಂತಿದ್ದು ಇಳಿಜಾರಿನ ನಟ್ಟನಡುವೆ. ಮನೆಗೆ ಬಂದವಳೇ ದೊಡ್ಡಮ್ಮನಿಗೆ ವರದಿ ಒಪ್ಪಿಸಿದೆ.

ದೊಡ್ಡಮ್ಮ ಬೀದಿಯವರ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವವಳು. ಅವಳು ಮರುದಿನವೇ ಆಫೀಸಿಗೆ ಹೋಗಿ, ಗೋಪುರದ ಮಂಚಗಳ ಹಾಸು ಹೊದಿಕೆಗಳನ್ನೆಲ್ಲ ಇನ್ನು ಮುಂದೆ ತಾನೇ ಒಗೆಯುತ್ತೇನೆಂದು ಒಪ್ಪಿಸಿ ಬಂದಳು. ಒಗೆದದ್ದನ್ನು ಮೇಲೆ ಮುಟ್ಟಿಸಬೇಕು, ಕೊಳೆಯಾದದ್ದನ್ನು ಕೆಳಗೆ ತರಬೇಕು. ಹಾಗಾಗಿ ಜೀಪಿನಲ್ಲಿ ದಿನವೂ ಅವಳಿಗೊಂದು ಜಾಗ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಉಪಾಯ. ಬಟ್ಟೆ ಗಂಟು ಹಿಂದೆ ಹಾಕಿ ಅವಳು ದೊಡ್ಡಪ್ಪನ ಪಕ್ಕಕ್ಕೆ ಹತ್ತಿ ಕೂತಳು. ಬ್ಯಾಟರಿಯವನು ಅಂದಿನಿಂದ ಗಂಟಿನ ಜೊತೆ ಹಿಂದಕ್ಕೆ ಹೋದ. ಅದನ್ನು ಅವನು ಮನಸ್ಸಿನಲ್ಲಿಟ್ಟುಕೊಂಡ.

ಮೊದಲನೇ ದಿನ ಇಳಿಯುವಾಗ, ಮೇಲಿನ ಹಳ್ಳ ದಾಟಿ ಸ್ವಲ್ಪ ದೂರ ಬಂದಿದ್ದೆವು.

“ರೀ, ಒಂಚೂರು ನಿಲ್ಸಿ. ತಲೆ ತಿರುಗ್ತಿದೆ.”

ದೊಡ್ಡಪ್ಪ ಅವಳ ಮುಖವನ್ನೊಮ್ಮೆ ನೋಡಿದರು. ಸಮತಟ್ಟಿಗೆ ತಂದು ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟರು. ಅವಳು ಬಂಡೆಯ ಮರೆಗೆ ಹೋಗಿ, ಕೇಳಿದವರ ಹೊಟ್ಟೆಯೂ ತೊಳಸುವ ಹಾಗೆ ವಾಕರಿಸಿದಳು. ಅಷ್ಟು ಹೊತ್ತಿಗೆ ದೊಡ್ಡಪ್ಪ ಟೈರು ನೋಡುವವರ ಹಾಗೆ ಹೋಗಿ ಡ್ರಮ್ಮಿನ ಹತ್ತಿರ ಅಂಗೈ ಹಿಡಿದು, ತಟ್ಟನೆ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಬಂಡೆಯ ಕಡೆ ಒಮ್ಮೆ ನೋಡಿ, ಮರದ ನೆರಳಿಗೆ ಹೋಗಿ ಕೂತರು.

ಅಂದಿನಿಂದ ಇದೇ ದಿನಚರಿ. ಜೀಪಿನ ಮಂದಿ ಅವಳಿಗೆ ‘ವಾಂತಕ್ಕ’ ಎಂದು ಹೆಸರಿಟ್ಟರು. ಮೊದಲು ಬೆನ್ನ ಹಿಂದೆ, ಆಮೇಲೆ ಮುಖದೆದುರಿಗೇ. ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಯಾರಾದರೂ ಬೀಡಿ ಹಚ್ಚಿದರೆ ಮಾತ್ರ ನಗುತ್ತಿರಲಿಲ್ಲ. “ಅದರ ನಾತಕ್ಕೆ ಇಲ್ಲೇ ಕಕ್ಕಿಬಿಡ್ತೀನಿ ನೋಡಿ!” ಎನ್ನುತ್ತಿದ್ದಳು. ಬಟ್ಟೆ ಶುಭ್ರವಾಗಿರುವವರು ಬೇಗ ಬೀಡಿ ಆರಿಸುತ್ತಿದ್ದರು. ಮೇಲೆ ಅಡುಗೆ ಮಾಡುವ ಮುದುಕ ಕನಿಕರಪಟ್ಟು, ಮೂಸುತ್ತಿದ್ದರೆ ಹೊಟ್ಟೆ ತೊಳಸುವುದಿಲ್ಲ ಎಂದು ಒಂದು ನಿಂಬೆಹಣ್ಣು ಕೊಟ್ಟ. ಅವಳು ಅದನ್ನು ಭಕ್ತಿಯಿಂದ ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಿದ್ದಳು, ಮೂಗಿನ ಹತ್ತಿರ ತರುತ್ತಿರಲಿಲ್ಲ. ನಿಂಬೆಯ ವಾಸನೆ ತುಂಬಿಕೊಂಡರೆ ಬ್ರೇಕಿನ ವಾಸನೆ ಬರುವುದು ಹೇಗೆ? ಹಣ್ಣು ಒಣಗಿ ಅಡಿಕೆಯ ಗಾತ್ರಕ್ಕೆ ಬಂತು, ಅವಳು ಬಿಡಲಿಲ್ಲ. ಪರಿಮಳದ ಸೋಪು, ತಲೆಗೆ ಹಚ್ಚುವ ಎಣ್ಣೆ, ಎರಡನ್ನೂ ಅದೇ ಕಾರಣಕ್ಕೆ ಬಿಟ್ಟಳು. ಸದಾ ಎಣ್ಣೆ ಹಚ್ಚಿ ಬಾಚಿಕೊಳ್ಳುತ್ತಿದ್ದವಳ ತಲೆ ಒಣಹುಲ್ಲಿನಂತಾಯಿತು.

ದೊಡ್ಡಪ್ಪ ಅವಳ ಸೀಟಿಗೆ ಹಳೆಯ ಕಂಬಳಿ ಮಡಚಿ ಮೆತ್ತೆ ಹೊಲಿಸಿ ಹಾಕಿದರು. ಅದೂ ಗೊಣಗಿಕೊಂಡೇ. ಕಡಿದಾದ ಇಳಿಜಾರು ಬರುವ ಮೊದಲು ಒಮ್ಮೆ ಅವಳ ಕಡೆ ತಿರುಗಿ ನೋಡುತ್ತಿದ್ದರು. ವಾಂತಿ ಮಾಡುವ ಹೆಂಡತಿಯ ಮೇಲೆ ನಿಗಾ ಇಡುವ ಗಂಡ ಎಂದು ನಾನು ತಿಳಿದೆ.

“ನಿನಗೆ ಗೊತ್ತಿದೆ ಅಂತ ಅವರಿಗೆ ಹೇಳಿಬಿಡಬಾರದಾ ದೊಡ್ಡಮ್ಮ?” ಎಂದು ಒಮ್ಮೆ ಕೇಳಿದೆ.

“ಹೇಳಿದ್ರೆ ಮಾನ ಹೋಯ್ತು ಅಂತ ನನ್ನನ್ನೇ ಇಳಿಸಿಬಿಡ್ತಾರೆ. ಮೂಗಿನ ತುದೀಲಿ ಕೋಪ ಇಟ್ಕೊಂಡಿರೋ ಮನುಷ್ಯ. ಮೂಗು ಹೋದ್ರೂ ಕೋಪ ಹೋಗಿಲ್ಲ.”

ಹೀಗೆ ವರ್ಷದ ಹತ್ತಿರ ಹತ್ತಿರ ನಡೆಯಿತು. ಇನ್ನೂ ನಡೆಯುತ್ತಿತ್ತೇನೋ. ಆದರೆ ಕೆಳಗಿನ ಆಫೀಸಿಗೆ ಹೊಸ ಸಾಹೇಬರು ಬಂದರು. ಹಳಬರು ಗುಡ್ಡವನ್ನು ಕಿಟಕಿಯಿಂದ ನೋಡಿ ತೃಪ್ತಿಪಡುತ್ತಿದ್ದವರು. ಇವರಿಗೆ ಎಲ್ಲವನ್ನೂ ಕಣ್ಣಾರೆ ಕಾಣಬೇಕು. ಮೊದಲ ವಾರವೇ ಮೇಲೆ ಬಂದು, ಸಂಜೆ ನಮ್ಮ ಜೊತೆ ಇಳಿಯಲು ಮುಂದಿನ ಸೀಟಿನಲ್ಲಿ ಕೂತರು. ಅವರಿಗೂ ದೊಡ್ಡಪ್ಪನಿಗೂ ನಡುವೆ ಇಕ್ಕಟ್ಟಿನಲ್ಲಿ ದೊಡ್ಡಮ್ಮ, ಮುಷ್ಟಿಯಲ್ಲಿ ನಿಂಬೆಹಣ್ಣು.

ಆ ದಿನ ಹಳ್ಳದಲ್ಲಿ ನೀರು ಹೆಚ್ಚಿತ್ತು. ಚಕ್ರಕ್ಕೆ ಜಲ್ಲಿ ಸಿಕ್ಕಿರಬೇಕು, ದೊಡ್ಡಮ್ಮ ಎರಡು ಸಲ ನಿಲ್ಲಿಸಿದಳು. ಎರಡನೇ ಸಲ ಸಾಹೇಬರು ಬಂಡೆಯ ಹಿಂದಿನಿಂದ ಬರುವ ಸದ್ದನ್ನು ಕೇಳಿಸಿಕೊಂಡು ಮುಖ ಸಣ್ಣದು ಮಾಡಿಕೊಂಡರು.

“ದಿನಾ ಹೀಗೇನಾ?” ಎಂದರು.

“ದಿನಾ ಹೀಗೇ ಸಾರ್,” ಎಂದ ಬ್ಯಾಟರಿಯವನು. ಅಷ್ಟು ದಿನ ಗಂಟಿನ ಮೇಲೆ ಕೂತು ಬಂದದ್ದಕ್ಕೆ ಅವನಿಗೆ ಅಂದು ನ್ಯಾಯ ಸಿಕ್ಕಿತು.

ದೊಡ್ಡಮ್ಮ ಬಾಯಿ ಒರೆಸಿಕೊಂಡು ಬಂದಾಗ ಸಾಹೇಬರು ಮೆತ್ತಗೆ ಹೇಳಿದರು: “ಅಮ್ಮಾ, ನಿಮಗೆ ಈ ದಾರಿ ಆಗಿಬರಲ್ಲ. ಯಾಕೆ ಇಷ್ಟು ಕಷ್ಟ ಪಡ್ತೀರಿ? ನಾಳೆಯಿಂದ ಬಟ್ಟೆ ಗಂಟು ಗಾಡೀಲಿ ಹಾಕಿ ಕಳಿಸಿ, ನೀವು ಮನೇಲೇ ಇರಿ.”

ಅವರು ಕೆಟ್ಟವರಲ್ಲ. ಜೋರು ಮಾಡಿದ್ದರೆ ದೊಡ್ಡಮ್ಮ ಜಗಳಕ್ಕೆ ಇಳಿಯುತ್ತಿದ್ದಳು. ಕನಿಕರದ ಜೊತೆ ಜಗಳ ಆಡುವುದು ಹೇಗೆ? ಬಾಯಿ ತೆರೆದಳು, ದೊಡ್ಡಪ್ಪನ ಕಡೆ ನೋಡಿದಳು, ಮುಚ್ಚಿದಳು. ದೊಡ್ಡಪ್ಪ ಬಗ್ಗಿ ಚಕ್ರದ ಕಲ್ಲು ತೆಗೆಯುತ್ತಿದ್ದರು.

ಮರುದಿನ ಬೆಳಿಗ್ಗೆ ಅವಳು ಬೀದಿಯ ಕೊನೆಯವರೆಗೆ ನನ್ನ ಜೊತೆ ಬಂದಳು. “ಇವತ್ತು ನೀನು. ವಾಸನೆ ಬಂದ ತಕ್ಷಣ ಹೊಟ್ಟೆ ಹಿಡ್ಕೊಂಡು ಕೂಗು. ಹೊಗೆ ಬರೋ ತನಕ ಕಾಯಬೇಡ,” ಎಂದು ಆ ಒಣಗಿದ ನಿಂಬೆಹಣ್ಣನ್ನು ನನ್ನ ಕೈಗೆ ಹಾಕಿದಳು. ಮೀಟರು ನೋಡುವಾಗಲೂ ಅದು ನನ್ನ ಜೇಬಿನಲ್ಲೇ ಇತ್ತು. ಯಾರೂ ಇಲ್ಲದಾಗ ಯಂತ್ರದ ಕೋಣೆಯಲ್ಲಿ ನಿಂತು ಎರಡು ಸಲ ವಾಕರಿಸಿ ನೋಡಿದೆ. ಚೆನ್ನಾಗಿ ಬರಲಿಲ್ಲ. ದೊಡ್ಡಮ್ಮನದು ಎಂಥ ಕಲೆ ಎಂದು ಆಗ ತಿಳಿಯಿತು.

ಸಂಜೆ ಎಲ್ಲರೂ ಜೀಪು ಹತ್ತಿದೆವು. ಸಾಹೇಬರು ಅಂದೂ ಬಂದಿದ್ದರು, ಮುಂದೆ ಕೂತರು. ದೊಡ್ಡಮ್ಮನ ಮೆತ್ತೆಯ ಮೇಲೆ ಕೊಳೆ ಬಟ್ಟೆಯ ಗಂಟು. ನಾನು ಹಿಂದೆ, ಗಾಳಿ ಬರುವ ಕಡೆ ಕೂತು ಮೂಗನ್ನು ಹುರಿಗೊಳಿಸಿಕೊಂಡೆ. ದೊಡ್ಡಪ್ಪ ಸ್ಟೀರಿಂಗಿನ ಮೇಲೆ ಕೈಯಿಟ್ಟರು. ಗಾಡಿ ಶುರುವಾಗಲಿಲ್ಲ. ಅವರು ಕೀಲಿ ತಿರುಗಿಸಿರಲೇ ಇಲ್ಲ. ಇಳಿದು, ಸುತ್ತಿ ಬಂದು, ಸಾಹೇಬರ ಬಾಗಿಲ ಹತ್ತಿರ ನಿಂತರು.

“ಸಾರ್, ಒಂದು ಮಾತು. ನಂಗೆ ವಾಸನೆ ಬರಲ್ಲ. ಜ್ವರ ಬಂದು ಹೋದಾಗಿಂದ ಬರಲ್ಲ.”

“ಅದಕ್ಕೇನೀಗ?” ಎಂದರು ಸಾಹೇಬರು.

“ಬ್ರೇಕು ಕಾದ್ರೆ ನಂಗೆ ಗೊತ್ತಾಗಲ್ಲ. ನಮ್ಮನೆಯವಳು ಪಕ್ಕದಲ್ಲಿ ಕೂತು ನಂಗೆ ತಿಳಿಸ್ತಿದ್ದಳು. ಅವಳಿಗೆ ತಲೆ ಗಿಲೆ ಏನೂ ತಿರುಗ್ತಿರಲಿಲ್ಲ ಸಾರ್. ನಿನ್ನೆ ನೀವು ಇಳಿಸಿದ್ದು ಈ ಗಾಡಿ ಮೂಗನ್ನ.”

ಬ್ಯಾಟರಿಯವನು ತನ್ನ ಬೂಟುಗಳನ್ನು ನೋಡಿಕೊಂಡ. ನನ್ನ ಕೈಯಲ್ಲಿದ್ದ ನಿಂಬೆಹಣ್ಣಿಗೆ ಇನ್ನು ಕೆಲಸವಿರಲಿಲ್ಲ. ದೊಡ್ಡಪ್ಪನಿಗೆ ಗೊತ್ತಿತ್ತು. ಅದೊಂದೇ ನನ್ನ ತಲೆಯಲ್ಲಿ ಓಡುತ್ತಿತ್ತು.

“ಈಗ ಇಳಿಯೋದು ಹೇಗೆ?” ಎಂದು ಸಾಹೇಬರು ಕೊನೆಗೆ ಕೇಳಿದರು.

“ಸಮತಟ್ಟು ಬಂದಲ್ಲೆಲ್ಲ ನಿಲ್ಲಿಸಿ ನೋಡ್ತೀನಿ. ಮಧ್ಯದಲ್ಲಿ ಸೀದ ಹಾಗೆ ಅನ್ಸಿದ್ರೆ ಯಾರಾದ್ರೂ ಕೂಗಿ.”

ಅಂಥ ಪ್ರಯಾಣವನ್ನು ನಾನು ಮತ್ತೆ ಮಾಡಿಲ್ಲ. ಜೀಪು ತುಂಬ ಜನ, ಎಲ್ಲರೂ ಮೂಗು ಎತ್ತಿ ಗಾಳಿ ಮೂಸುತ್ತ ಕೂತಿದ್ದೇವೆ. ಸಾಹೇಬರು “ನಿಲ್ಸಿ! ನಿಲ್ಸಿ!” ಎಂದು ಮೂರು ಸಲ ಕೂಗಿದರು. ಒಂದು ಸಲ ಅದು ಯಾರೋ ಕಸ ಸುಟ್ಟ ಹೊಗೆ. ಒಂದು ಸಲ ಅದು ಬ್ಯಾಟರಿಯವನ ಬೂಟು. ಮೂರನೇ ಸಲ ಬ್ರೇಕೇ. ದೊಡ್ಡಪ್ಪ ಕಲ್ಲು ಕೊಟ್ಟ ಮೇಲೆ ಸಾಹೇಬರು ಇಳಿದು, ಡ್ರಮ್ಮಿನ ಹತ್ತಿರ ಅಂಗೈ ಹಿಡಿದು, ತಟ್ಟನೆ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಪಕ್ಕದ ಆಳವನ್ನು ಬಗ್ಗಿ ನೋಡಿದರು. ಅಲ್ಲಿಂದ ಕೆಳಗಿನವರೆಗೆ ಅವರು ಹೊತ್ತಾಯಿತು ಅನ್ನಲಿಲ್ಲ.

ಶೆಡ್ಡು ತಲುಪಿದ ಮೇಲೆ ಅವರು ಕೈ ಚಾಚಿದರು. “ನಂಗೆ ಬೇರೆ ದಾರಿ ಇಲ್ಲ,” ಎಂದರು.

“ಇಲ್ಲ ಸಾರ್,” ಎಂದು ದೊಡ್ಡಪ್ಪ ಒಪ್ಪಿಕೊಂಡು, ಕೀಲಿಯನ್ನು ಅಂಗಿಯ ತುದಿಯಿಂದ ಒರೆಸಿ ಕೊಟ್ಟರು.

ಈಗ ಅವರಿಗೆ ಅದೇ ಶೆಡ್ಡಿನಲ್ಲಿ ಗಾಡಿಗಳ ಬ್ರೇಕು ಬಿಚ್ಚಿ ಜಲ್ಲಿ ತೆಗೆಯುವ ಕೆಲಸ. ಹೊಸ ಡ್ರೈವರಿಗೆ ದಾರಿ ಕಲಿಸಿದ್ದೂ ಅವರೇ. ಆದರೆ ಅದೆಲ್ಲ ಆಮೇಲಿನ ಮಾತು. ಆ ಸಂಜೆ ಅವರು ನಡೆದುಕೊಂಡು ಮನೆಗೆ ಹೊರಟರು, ನಾನು ಅವರಿಗಿಂತ ಮುಂಚೆ ಓಡಿದೆ.

ದೊಡ್ಡಮ್ಮ ಅವರ ಚಹಾಕ್ಕೆಂದು ಹಾಲು ಇಡುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಕೀಲಿಯ ಸುದ್ದಿಗೆ ಅವಳು ತಲೆಯಾಡಿಸಿದಳು, ಅಷ್ಟೇ. ಅವಳು ಹಿಡಿದುಕೊಂಡದ್ದು ಬೇರೆಯದನ್ನು. ದೊಡ್ಡಪ್ಪ ಬಂದು ಬಟ್ಟೆ ಗಂಟು ಕೆಳಗಿಟ್ಟು, ಚಪ್ಪಲಿ ಬಿಟ್ಟು, ತಮ್ಮ ಜಾಗದಲ್ಲಿ ಕೂತರು.

“ಯಾವಾಗಿಂದ ಗೊತ್ತಿತ್ತು?” ಎಂದಳು.

“ಮೊದಲನೇ ದಿನದಿಂದ. ಕಲ್ಲು ಲಾರಿ ಮೇಲೆ ನಿಂತ್ಕೊಂಡು ಹಾಡು ಹೇಳ್ಕೊಂಡು ಬಂದೋಳು ನೀನು. ನಿಂಗೆ ಜೀಪಲ್ಲಿ ತಲೆ ತಿರುಗುತ್ತಾ?”

“ಗೊತ್ತಿದ್ದೂ ಬಾಯಿ ಬಿಡ್ಲಿಲ್ವಲ್ರೀ! ಎಲ್ಲರ ಬಾಯಲ್ಲೂ ವಾಂತಕ್ಕ ಅನ್ನಿಸ್ಕೊಂಡೆ. ಬಂಡೆ ಹಿಂದೆ ನಾನು ಗಂಟಲು ಹರ್ಕೊಳ್ತಿದ್ರೆ ನೆರಳಲ್ಲಿ ಕೂತು ಕೇಳಿಸ್ಕೊಳ್ತಿದ್ರಲ್ಲ!”

ದೊಡ್ಡಪ್ಪ ತಮ್ಮ ಖಾಲಿ ಕೈಗಳನ್ನು ನೋಡಿಕೊಂಡರು.

“ಹೇಳಿದ್ರೆ ನೀನು ಬರೋದು ನಿಲ್ತಿತ್ತು,” ಎಂದರು. “ಯಾರ್ಯಾರನ್ನೋ ಪಕ್ಕದಲ್ಲಿ ಕೂರಿಸ್ಕೊಂಡು ಇಷ್ಟು ವರ್ಷ ಗಾಡಿ ಓಡಿಸ್ದೆ. ನೀನು ಕೂತಿದ್ದು ಇದೊಂದು ವರ್ಷ.”

ದೊಡ್ಡಮ್ಮ ಬಗ್ಗಿ ಗಂಟಿನಿಂದ ಒಂದು ಕೊಳೆ ಹಾಸನ್ನು ಎಳೆದು ಮುಖಕ್ಕೆ ಒತ್ತಿಕೊಂಡು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ದೊಡ್ಡಪ್ಪ ಎದ್ದು ಹೋಗಿ ಅವಳ ಪಕ್ಕ ನಿಂತರು, ಮುಂದೇನು ಮಾಡಬೇಕೆಂದು ತಿಳಿಯದೆ ಹಾಸಿನ ಇನ್ನೊಂದು ತುದಿಯನ್ನು ಮಡಚತೊಡಗಿದರು. ಅವರ ಬೆನ್ನ ಹಿಂದೆಯೇ ಒಲೆ. ಹಾಲು ಉಕ್ಕಿ ಇಳಿದು ಸೀಯುತ್ತಿತ್ತು. ಅತ್ತು ಅತ್ತು ಅವಳ ಮೂಗು ಕಟ್ಟಿತ್ತು, ಅವರದಂತೂ ಇಲ್ಲವೇ ಇಲ್ಲ. ನಾನೇ ಹೋಗಿ ಒಲೆ ಆರಿಸಿದೆ.